ಬಿಸಿಲು ಉಕ್ಕುವ ಊರು

ಒಂದು ಕಡೆ ಮೌಂಟ್ ಲಾಫ್ಟಿ ಬೆಟ್ಟಸಾಲು, ಇನ್ನೊಂದು ಕಡೆ ಸೇಂಟ್ ವಿನ್ಸೆಂಟ್ ಕೊಲ್ಲಿ. ಇವೆರಡರ ನಡುವಣ ಬಯಲಿನಲ್ಲಿ ದಕ್ಷಿಣ ಆಸ್ಟ್ರೇಲಿಯದ ರಾಜಧಾನಿ ಅಡಿಲೇಡ್ ಹರಡಿಕೊಂಡಿದೆ. 1837ರಲ್ಲಿ ಈ ನಗರದ ನೇರ ಬೀದಿಗಳನ್ನೂ ಅದರ ಸುತ್ತಣ ಹಸಿರು ಉದ್ಯಾನಗಳನ್ನೂ ಅಳೆದು ಗುರುತಿಸಿದವನು ಕರ್ನಲ್ ವಿಲಿಯಂ ಲೈಟ್. ಬೆಳಕಿನ ಊರಿಗೆ ಒಪ್ಪುವ ಹೆಸರೇ ಸರಿ!

ಉದ್ಯಾನಗಳನ್ನು ದಾಟಿ ಬಡಾವಣೆಗಳಿಗೆ ಬಂದ ಪ್ರವಾಸಿಯ ದೃಷ್ಟಿ ತಾನಾಗಿ ಮನೆಗಳ ಸೂರಿನತ್ತ ಏರುತ್ತದೆ. ಈ ರಾಜ್ಯದಲ್ಲಿ ಮೂರು ಮನೆಗಳಲ್ಲಿ ಒಂದಕ್ಕಿಂತ ಹೆಚ್ಚು ಮನೆಗಳ ಮೇಲೆ ಸೌರಫಲಕಗಳಿವೆ. ಅವುಗಳಲ್ಲಿ ಬಹುಪಾಲು ಉತ್ತರಾಭಿಮುಖ. ಭೂಗೋಳದ ಆ ಅರ್ಧದಲ್ಲಿ ನಡುಹಗಲಿನ ಸೂರ್ಯನು ಉತ್ತರದ ಆಕಾಶದಲ್ಲಿರುತ್ತಾನೆ.

ಇಷ್ಟು ಬಿಸಿಲನ್ನು ಕೊಯ್ಯುವವರಿಗೆ ಕೊರತೆ ಎಲ್ಲಿಯದು? ಕೊರತೆಯಲ್ಲ, ಅತಿರೇಕವೇ ಅಲ್ಲಿನ ತೊಡಕು. ಅಕ್ಟೋಬರ್, ನವೆಂಬರ್ ತಿಂಗಳುಗಳು ಅಲ್ಲಿ ವಸಂತಕಾಲ. ಜಕರಂದ ಮರಗಳು ನೇರಳೆ ಹೂ ಸುರಿಸುವ ಒಂದು ಭಾನುವಾರದ ಮಧ್ಯಾಹ್ನ, ಸೆಕೆಯೂ ಇಲ್ಲ, ಚಳಿಯೂ ಇಲ್ಲ, ಕಚೇರಿಗಳು ಮುಚ್ಚಿವೆ. ವಿದ್ಯುತ್ತನ್ನು ಬಳಸುವವರು ಕಡಿಮೆ, ಉತ್ಪಾದಿಸುವ ಸೂರುಗಳು ಸಾವಿರಾರು. ಮಿಕ್ಕದ್ದೆಲ್ಲ ಬೀದಿಯ ತಂತಿಗೆ ನುಗ್ಗುತ್ತದೆ.

ಆ ತಂತಿಗಳನ್ನು ಹಾಕಿದವರಾದರೋ ವಿದ್ಯುತ್ತು ಎಂದೆಂದಿಗೂ ಮನೆಯ ಕಡೆಗೇ ಹರಿಯುವುದೆಂದು ನಂಬಿದ್ದವರು. ಬೀದಿಯ ಕೊನೆಗೆ ಹೋಗುವಷ್ಟರಲ್ಲಿ ವೋಲ್ಟೇಜು ಕುಗ್ಗುವುದರಿಂದ, ಟ್ರಾನ್ಸ್‌ಫಾರ್ಮರಿನಲ್ಲಿಯೇ ಅದನ್ನು ಕೊಂಚ ಏರಿಸಿ ಇಡುವುದು ವಾಡಿಕೆಯಾಗಿತ್ತು. ಈಗ ಹರಿವು ತಿರುಗುಮುರುಗಾಗಿದೆ. ಹೊರಕ್ಕೆ ವಿದ್ಯುತ್ತನ್ನು ತಳ್ಳಬೇಕಾದರೆ ಮನೆಯ ಇನ್‌ವರ್ಟರು ಬೀದಿಗಿಂತ ತುಸು ಹೆಚ್ಚಿನ ಒತ್ತಡ ಹೂಡಬೇಕು. ಎಲ್ಲರೂ ಒಟ್ಟಿಗೆ ತಳ್ಳಿದಾಗ ಬೀದಿಯ ವೋಲ್ಟೇಜೇ ಮೇಲೇರುತ್ತದೆ. ನಾಲೆಯ ಕೊನೆಯ ಗದ್ದೆಗೆ ನೀರು ತಲುಪದೆಂಬ ಅಳಲು ಎಲ್ಲರೂ ಬಲ್ಲದ್ದು. ಇಲ್ಲಿ ಕೊನೆಯ ಮನೆಗೆ ಸಂಜೆ ಕೊರತೆ, ಮಧ್ಯಾಹ್ನ ಉಕ್ಕು.

ಅಲ್ಲಿನ ವೋಲ್ಟೇಜು 230 ಇರಬೇಕೆಂಬುದು ನಿಯಮ; 253 ಅದರ ಮೇಲ್ಮಿತಿ. ಅದನ್ನು ಮೀರಿದರೆ ಹೊಸ ಇನ್‌ವರ್ಟರುಗಳು ತಾವಾಗಿ ಉತ್ಪಾದನೆಯನ್ನು ತಗ್ಗಿಸುತ್ತವೆ. ಹತ್ತು ನಿಮಿಷಗಳ ಸರಾಸರಿ 258ನ್ನು ದಾಟಿದರೆ ಸಂಪರ್ಕವನ್ನೇ ಕಡಿದುಕೊಳ್ಳುತ್ತವೆ. ಸಾಲ ಮಾಡಿ ಫಲಕ ಹಾಕಿಸಿದ ಗೃಹಸ್ಥನು ಥಳಥಳಿಸುವ ಬಿಸಿಲಿನಲ್ಲಿಯೇ ತನ್ನ ಯಂತ್ರ ಸುಮ್ಮನೆ ಕುಳಿತಿರುವುದನ್ನು ಕಂಡರೆ ಅವನ ಹೊಟ್ಟೆ ಉರಿಯದೆ ಇದ್ದೀತೆ?

ಪರಿಹಾರಗಳು ಇಲ್ಲದಿಲ್ಲ. ಉಪಕೇಂದ್ರಗಳಲ್ಲಿ ಮಧ್ಯಾಹ್ನದ ವೋಲ್ಟೇಜನ್ನು ತಾನಾಗಿ ಇಳಿಸುವ ವ್ಯವಸ್ಥೆ ಬಂದಿದೆ. ಎಲ್ಲಕ್ಕಿಂತ ಸೊಗಸಾದದ್ದು ಸ್ನಾನದ ನೀರಿನ ಉಪಾಯ. ಕಲ್ಲಿದ್ದಲಿನ ಕಾಲದಲ್ಲಿ ರಾತ್ರಿಯ ವಿದ್ಯುತ್ತು ಅಗ್ಗವಾಗಿದ್ದುದರಿಂದ ಮನೆಮನೆಯ ಹಂಡೆಗಳು ನಡುರಾತ್ರಿಯಲ್ಲಿ ಕಾಯುತ್ತಿದ್ದವು. ಪೋರ್ಟ್ ಆಗಸ್ಟಾದ ಕಡೆಯ ಕಲ್ಲಿದ್ದಲು ಸ್ಥಾವರ 2016ರಲ್ಲಿ ಮುಚ್ಚಿತು. 2020ರಿಂದ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಅಗ್ಗದ ದರ ಜಾರಿಗೆ ಬಂದು, ಹಂಡೆಗಳು ಒಂದೊಂದಾಗಿ ಹಗಲಿಗೆ ಹೊರಳತೊಡಗಿವೆ. ಸ್ಪಂಜು ನೀರನ್ನು ಹೀರುವಂತೆ ಬಿಸಿಲನ್ನು ಹೀರುವುದರಿಂದ ಇದನ್ನು ‘ಸೋಲಾರ್ ಸ್ಪಂಜ್’ ಎಂದೇ ಕರೆದರು.

2022ರ ನವೆಂಬರ್ 12ರಂದು ಬಿರುಗಾಳಿಯೊಂದು ಟೇಲಂ ಬೆಂಡ್ ಬಳಿ ವಿದ್ಯುತ್ ಗೋಪುರವನ್ನು ಉರುಳಿಸಿ, ನೆರೆರಾಜ್ಯದೊಡನೆ ಇದ್ದ ಮುಖ್ಯ ಸಂಪರ್ಕವನ್ನು ಒಂದು ವಾರದ ಮಟ್ಟಿಗೆ ಕಡಿಯಿತು. ಮಿಕ್ಕ ಬಿಸಿಲನ್ನು ಕಳುಹಿಸಲು ದಾರಿಯಿಲ್ಲ, ಮಿಕ್ಕಷ್ಟೂ ಅಪಾಯ. ಆಗ ಅಧಿಕಾರಿಗಳು ಸೂರಿನ ಉತ್ಪಾದನೆಯನ್ನು ತಡೆಯಲು ಅನುಸರಿಸಿದ ಮಾರ್ಗಗಳಲ್ಲಿ ಒಂದು ಸ್ವಾರಸ್ಯಕರವಾದದ್ದು: ವೋಲ್ಟೇಜನ್ನು ಬೇಕೆಂದೇ ಏರಿಸಿದರು, ಇನ್‌ವರ್ಟರುಗಳು ಬೆದರಿ ತಾವೇ ನಿಂತವು. ರೋಗವನ್ನೇ ಮದ್ದಾಗಿ ಬಳಸಿದ ಹಾಗಾಯಿತು.

ಇನ್ನು ಪಾಲಿನ ಪ್ರಶ್ನೆ. ಮೊದಲು ಬಂದ ಮನೆಗಳಿಗೆ 5 ಕಿಲೋವಾಟಿನವರೆಗೆ ಹೊರಕ್ಕೆ ಕಳುಹಿಸುವ ಹಕ್ಕಿತ್ತು. ಇಕ್ಕಟ್ಟಾದ ಬೀದಿಗಳಲ್ಲಿ ತಡವಾಗಿ ಬಂದವರಿಗೆ ಸಿಕ್ಕಿದ್ದು ಒಂದೂವರೆ ಕಿಲೋವಾಟು ಮಾತ್ರ. 2021ರಲ್ಲಿ ಆರಂಭವಾದ ಹೊಸ ಏರ್ಪಾಟಿನಲ್ಲಿ, ಬೀದಿಗೆ ಎಷ್ಟು ತಾಳಿಕೆಯಿದೆಯೆಂದು ಹೊತ್ತುಹೊತ್ತಿಗೆ ಇನ್‌ವರ್ಟರಿಗೆ ಸಂದೇಶ ಹೋಗುತ್ತದೆ. ದಾರಿ ತೆರವಾಗಿದ್ದಾಗ 10 ಕಿಲೋವಾಟು, ಇಕ್ಕಟ್ಟಾದಾಗ ಒಂದೂವರೆ. ಈಗ ಒಂದೇ ಬೀದಿಯಲ್ಲಿ ಹಳೆಯ ಫಲಕದ ಮನೆಯೊಂದು ಹಿಂದಿನ ಹಕ್ಕಿನಂತೆ ಸುರಿಯುತ್ತಲೇ ಇರುತ್ತದೆ. ಪಕ್ಕದ ಹೊಸ ಮನೆಯ ಇನ್‌ವರ್ಟರು ಸಂದೇಶಕ್ಕೆ ತಲೆಬಾಗಿ ತಗ್ಗುತ್ತದೆ. ಅವೆರಡರ ಎದುರಿನ ಬಾಡಿಗೆ ಮನೆಯವರಿಗೆ ಸೂರು ತಮ್ಮದಲ್ಲ. ನಡುಹಗಲಿನ ಅಗ್ಗದ ದರದಲ್ಲಿ ಬಟ್ಟೆ ಒಗೆಯುವ ಯಂತ್ರವನ್ನು ಹಚ್ಚುವುದಷ್ಟೇ ಅವರ ಪಾಲಿನ ಬಿಸಿಲು.