ಮಡ್ಲು

ಸರಗೂರು ಸೀಮೆಯಲ್ಲಿ ಗೌರಿ ಹಬ್ಬ ಕಳೆಯುವ ಹೊತ್ತಿಗೆ ಹತ್ತಿ ಒಡೆದಿರುತ್ತದೆ. ಹೊಲಕ್ಕಿಳಿಯುವ ಮುಂಚೆ ಹೆಂಗಸರು ಬದುವಿನ ಮೇಲೆ ನಿಂತು, ಸೆರಗನ್ನು ಮುಂದಕ್ಕೆಳೆದು, ಎರಡು ಚುಂಗನ್ನೂ ಸೊಂಟಕ್ಕೆ ಸಿಕ್ಕಿಸಿ, ಹೊಟ್ಟೆಯ ಮುಂದೊಂದು ಚೀಲ ಮಾಡಿಕೊಳ್ಳುತ್ತಾರೆ. ‘ಮಡ್ಲು ಕಟ್ಕಳಿ, ಬಿಸ್ಲೇರ್ತದೆ’ ಎಂದು ನಮ್ಮ ದೊಡ್ಡವ್ವ ಎಲ್ಲರನ್ನೂ ಅವಸರ ಮಾಡುತ್ತಿದ್ದಳು. ಆ ಮಾತನ್ನು ನಾನು ಮೊದಲು ಕೇಳಿದ್ದು ಹೀಗೆ, ಹತ್ತಿ ಹೊಲದಲ್ಲಿ. ಅದು ತಾಯಿಗೆ ಸೇರಿದ ಮಾತೆಂದು ತಿಳಿದದ್ದು ಸ್ಕೂಲಿಗೆ ಹೋದಮೇಲೆ.

ಮಡಿಚಿದ್ದು ಮಡಿಲು. ಹಳಗನ್ನಡದಲ್ಲಿ ಮಡಿಲ್, ತಮಿಳಿನವರು ಮಡಿ ಎಂದೇ ಅನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಇದೇ ಉಡಿ, ಉಡುವುದಕ್ಕೆ ನಂಟಾದದ್ದು. ಎರಡೂ ಬಟ್ಟೆಯಿಂದ ಹುಟ್ಟಿದ ಮಾತುಗಳು, ಮೈಯಿಂದಲ್ಲ. ತೊಡೆಯ ಮೇಲೆ ಮಗು ಕೂರಬೇಕಾದರೆ ನಾವೂ ಕೂತಿರಬೇಕು. ಎದ್ದರೆ ಆ ಜಾಗವೇ ಇಲ್ಲ. ಮಡಿಲು ನಿಂತರೂ ಇರುತ್ತದೆ, ನಡೆದರೂ ಜೊತೆಗೆ ಬರುತ್ತದೆ. ಹತ್ತಿ, ಅವರೆಕಾಯಿ, ಬೇಲಿಸಾಲಿನ ಸೊಪ್ಪು, ಮಳೆಗೆ ನೆನೆದ ಕೋಳಿಮರಿ, ಎಲ್ಲಕ್ಕೂ ಅಲ್ಲಿ ಎಡೆಯಿದೆ. ಹೆಣ್ಣು ತನ್ನ ಕೈಯಾರೆ ಮಾಡಿಕೊಳ್ಳುವ ಜಾಗ ಅದು.

ಮಗಳು ತವರಿಂದ ಹೊರಡುವಾಗ ಅಲ್ಲಿಗೇ ಮಡ್ಲಕ್ಕಿ ಬೀಳುತ್ತದೆ: ಅಕ್ಕಿ, ಕಾಯಿ, ಬೆಲ್ಲ, ವೀಳ್ಯ, ಅರಿಶಿನದ ಕೊಂಬು, ರವಿಕೆ ಕಣ. ಬಡವರ ಮನೆಯ ಬಾಣಂತಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತರೆ ಸೋಪು, ಸೊಳ್ಳೆಪರದೆ, ಕೂಸಿನ ಬಟ್ಟೆ ಸೇರಿ 19 ಸಾಮಾನು ಕೊಡುವ ಯೋಜನೆ 2007ರಲ್ಲಿ ಬಂದಾಗ ಅದಕ್ಕೆ ಮಡಿಲು ಎಂದೇ ಹೆಸರಿಟ್ಟರು. ಇಟ್ಟವರು ಯಾರೋ, ಊರ ಮಾತು ಬಲ್ಲವರು. ತವರು ಕೊಡಲಾರದ್ದನ್ನು ಸರ್ಕಾರ ಮಡಿಲಿಗೆ ಹಾಕಿತು.

ದೊಡ್ಡವ್ವನಿಗೆ ಮಕ್ಕಳಾಗಲಿಲ್ಲ. ‘ಅವಳ ಮಡ್ಲು ತುಂಬ್ನಿಲ್ಲ’ ಅನ್ನುತ್ತಿದ್ದರು, ಅವಳಿಗೆ ಕೇಳುವ ಹಾಗೆಯೇ. ಮದುವೆಮನೆಯಲ್ಲಿ ಮಡ್ಲಕ್ಕಿ ಹುಯ್ಯಲು ಐದು ಮುತ್ತೈದೆಯರನ್ನು ಕರೆಯುವಾಗ ಅವಳ ಹೆಸರು ಬರುತ್ತಿರಲಿಲ್ಲ. ಅವಳು ಹಿತ್ತಿಲಲ್ಲಿ ಪಾತ್ರೆ ಉಜ್ಜುತ್ತಾ ಉಳಿದುಬಿಡುತ್ತಿದ್ದಳು. ಸಂಜೆ ತೂಕದ ಹೊತ್ತಿಗೆ ಎಲ್ಲರಿಗಿಂತ ಹೆಚ್ಚು ಹತ್ತಿ ಸುರಿಯುತ್ತಿದ್ದವಳು ಅವಳೇ. ಸೀರೆಯ ನೆರಿಗೆಯಲ್ಲೆಲ್ಲ ಬಿಳಿ ಎಳೆ ಅಂಟಿರುತ್ತಿತ್ತು, ಹೊಟ್ಟೆಯ ಕಡೆ ಬಟ್ಟೆ ಸವೆದು ತೆಳುವಾಗಿರುತ್ತಿತ್ತು. ಅವ್ವ ಕಾಯಿಲೆ ಬಿದ್ದ ವರ್ಷ ನಾನು ಮಲಗಿದ್ದು ಆ ಸವೆದ ಬಟ್ಟೆಯ ಮೇಲೆ ಮುಖವಿಟ್ಟು. ಅಂಥವಳ ಮಡಿಲು ಬರಿದೆಂದು ಯಾವ ಬಾಯಲ್ಲಿ ಹೇಳುವುದು? ಚಿಕ್ಕದೇವಮ್ಮನ ಬೆಟ್ಟ ಹತ್ತಿ ದೇವಿಗೂ ಮಡ್ಲಕ್ಕಿ ಕಟ್ಟುತ್ತೇವೆ. ತಾಯಿ ಎಂದು ಅಡ್ಡಬೀಳುವಾಗ, ನೀನು ಹೆತ್ತದ್ದು ಎಷ್ಟು ಎಂದು ಯಾರಾದರೂ ಅವಳನ್ನು ಕೇಳುತ್ತಾರೆಯೇ? ಹೆರುವುದಕ್ಕೆ ಕನ್ನಡದಲ್ಲಿ ಬೇರೆಯೇ ಮಾತಿದೆ: ಹೆತ್ತಳು, ಹಡೆದಳು. ಅದನ್ನು ಅಲ್ಲಿಗೇ ಬಿಡಬೇಕಿತ್ತು. ಮಡಿಲನ್ನು ಬಸಿರಿಗೆ ಕಟ್ಟಿಹಾಕಿ ನಾವು ದೊಡ್ಡ ತಪ್ಪು ಮಾಡಿದೆವು.

ಕೂಸನ್ನು ಒಬ್ಬರ ಕೈಗೆ ಒಪ್ಪಿಸುವುದಕ್ಕೆ ‘ಮಡ್ಲಿಗೆ ಹಾಕು’ ಅನ್ನುತ್ತೇವೆ. ನನ್ನ ಮಗಳ ನಾಮಕರಣದ ದಿನ ತೊಟ್ಟಿಲ ಸುತ್ತ ಹೆಂಗಸರು ಸೇರಿದ್ದಾಗ ದೊಡ್ಡವ್ವ ವಾಡಿಕೆಯಂತೆ ಬಾಗಿಲ ಮರೆಯಲ್ಲೇ ನಿಂತಿದ್ದಳು. ನಾನು ಮಗುವನ್ನು ಎತ್ತಿಕೊಂಡು ಅವಳಿದ್ದಲ್ಲಿಗೆ ಹೋದೆ. ‘ಮೊದ್ಲು ನಿನ್ನ ಮಡ್ಲಿಗೆ’ ಅಂದೆ. ಅವಳು ಕೂರಲಿಲ್ಲ, ಕೈ ಚಾಚಲೂ ಇಲ್ಲ. ಹೊಲದ ಬದುವಿನ ಮೇಲೆ ನಿಂತವಳ ಹಾಗೆ, ಸೆರಗಿನ ಎರಡು ಚುಂಗನ್ನೂ ಹಿಡಿದು ಮುಂದಕ್ಕೆಳೆದುಕೊಂಡಳು.