ಓಮ್ನಿಯ ಮೂರು ಸ್ಟಡ್ಡುಗಳು

ಪೋಸ್ಟ್ ಸ್ವಲ್ಪ ಉದ್ದ ಇದೆ. ಆದ್ರೆ ಹಳೇ ಓಮ್ನಿ ಇಟ್ಕೊಂಡು ಊರೂರು ಸುತ್ತೋರು ನಮ್ಮಲ್ಲಿ ತುಂಬಾ ಜನ ಇದೀರಿ, ದಯವಿಟ್ಟು ಪೂರ್ತಿ ಓದಿ.

ಕಳೆದ ಡಿಸೆಂಬರ್‌ನಲ್ಲಿ ಚಿಂತಾಮಣಿಯಲ್ಲಿ ಸಭೆ ಮುಗಿಸಿ ರಾತ್ರಿ ಕೋಲಾರಕ್ಕೆ ವಾಪಸ್ ಬರ್ತಿದ್ವಿ. ಏಳು ಜನ. ಚಳಿ ಅಂತ ಎಲ್ಲ ಕಿಟಕಿ ಮುಚ್ಚಿದ್ವಿ. ಅರ್ಧ ದಾರಿಗೆ ಮುಂದೆ ಕೂತಿದ್ದ ಅಕ್ಕನಿಗೆ ತಲೆನೋವು, ಆಮೇಲೆ ವಾಂತಿ. ಹಿಂದಿದ್ದ ಹುಡುಗ ಎಬ್ಬಿಸಿದ್ರೂ ಸರಿಯಾಗಿ ಏಳ್ತಿಲ್ಲ. ಗಾಡಿ ನಿಲ್ಲಿಸಿ ಬಾಗಿಲು ತೆಗೆದು ಗಾಳಿಗೆ ಕೂರಿಸಿದ ಮೇಲೆ ಚೇತರಿಸಿಕೊಂಡ. ಊಟದಲ್ಲೇ ಏನೋ ಇತ್ತು ಅಂದ್ಕೊಂಡೆ. ಅಡುಗೆ ಮಾಡಿದವರಿಗೆ ಫೋನಲ್ಲಿ ಬೈದದ್ದು ನಾನೇ, ಎರಡು ದಿನ ಬಿಟ್ಟು ಕ್ಷಮೆ ಕೇಳಿದ್ದೂ ನಾನೇ.

ಓಮ್ನಿಯಲ್ಲಿ ಎಂಜಿನ್ ಇರೋದು ಮುಂದಿನ ಸೀಟಿನ ಕೆಳಗೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅಂತಿತ್ತು, ಬಿಸಿಯಾದ ಮೇಲೆ ಕಡಿಮೆ ಆಗ್ತಿತ್ತು. ಟ್ಯಾಪೆಟ್ ಸದ್ದು ಅಂತ ನಾನು ಬಿಟ್ಟಿದ್ದೆ. ಸೀಟ್ ಎತ್ತಿ ನೋಡಿದ್ರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕ ಕಪ್ಪು ಮಸಿ. ಮೂರು ಸ್ಟಡ್ ಮುರಿದಿವೆ. ಹೊಗೆ ಸೈಲೆನ್ಸರ್‌ಗೆ ಹೋಗೋ ಮೊದಲೇ ನಮ್ಮ ಮೂಗಿಗೆ ಬರ್ತಿತ್ತು. ಅದರಲ್ಲಿರೋ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ.

ಮೊದಲು ತೋರಿಸಿದ ಗ್ಯಾರೇಜ್‌ನವರು ಮುರಿದ ತುಂಡಿನ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿ ಎರಡನ್ನ ತಿರುಗಿಸಿ ತೆಗೆದರು. ಅದು ಒಳ್ಳೇ ಉಪಾಯ, ವೆಲ್ಡಿಂಗ್ ಶಾಖಕ್ಕೇ ತುಕ್ಕು ಸಡಿಲ ಆಗುತ್ತೆ. ಮೂರನೆಯದಕ್ಕೆ ಡ್ರಿಲ್ ಹಾಕಿ ತೂತು ಓರೆ ಮಾಡಿಟ್ಟರು. ಹಾರ್ಡ್‌ವೇರ್ ಅಂಗಡಿಯ ಸತು ಲೇಪದ ಬೋಲ್ಟ್ ಹಾಕಿ ಕಳಿಸಿದರು. ಸತು 420 ಡಿಗ್ರಿಗೆ ಕರಗುತ್ತೆ, ಎಕ್ಸಾಸ್ಟ್ ಹತ್ತಿರ ಅದೆಷ್ಟು ದಿನ ನಿಲ್ಲುತ್ತೆ ಹೇಳಿ? ಮೂರೇ ವಾರಕ್ಕೆ ಟಿಕ್ ಟಿಕ್ ಮತ್ತೆ ಶುರು.

ಕೊನೆಗೆ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಒಬ್ಬ ಲೇತ್ ಅಣ್ಣ ಸಿಕ್ಕಿದರು. ಅವರ ಅಪ್ಪ ಗಣಿಯ ವರ್ಕ್‌ಶಾಪಿನಲ್ಲಿದ್ದವರು, 2001ರಲ್ಲಿ ಗಣಿ ಮುಚ್ಚಿದ ಮೇಲೆ ಮನೆ ಮುಂದೆಯೇ ಲೇತ್ ಹಾಕಿದ್ದರಂತೆ. ನಾನು ಬುದ್ಧಿವಂತನ ಥರ ಸ್ಟೇನ್‌ಲೆಸ್ ಹಾಕಿ, ತುಕ್ಕೇ ಹಿಡಿಯಲ್ಲ ಅಂದೆ. ಅವರು ನಕ್ಕರು. ಸ್ಟೇನ್‌ಲೆಸ್ ಸ್ಟಡ್ ಮೇಲೆ ಸ್ಟೇನ್‌ಲೆಸ್ ನಟ್ ಹೋದ್ರೆ ಮರೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತೆ, ಮುಂದಿನ ಸಲ ಬಿಚ್ಚೋಕೆ ಹೋದ್ರೆ ಸ್ಟಡ್ಡೇ ತಿರುಚಿ ಹೋಗುತ್ತೆ ಅಂದ್ರು. ಮೈಲ್ಡ್ ಸ್ಟೀಲ್ ಸರಳು ಅಗ್ಗ, ಆದ್ರೆ ಬಿಸಿಗೆ ಎಳೆದುಕೊಂಡು ಬಿಗಿ ಬಿಡುತ್ತೆ.

ಅವರು ಆರಿಸಿದ್ದು ಇಎನ್19, ಕ್ರೋಮಿಯಂ ಮಾಲಿಬ್ಡಿನಂ ಸೇರಿದ ಉಕ್ಕು. ಮರೆ ಎಂ8, ಪಿಚ್ 1.25. ಓರೆಯಾದ ತೂತನ್ನ ನೇರ ಮಾಡಿ ದೊಡ್ಡದು ಮಾಡಿದರು, ಅದಕ್ಕೆ ಅಂತಲೇ ಹೆಡ್ ಕಡೆ ಎಂ10, ನಟ್ ಕಡೆ ಎಂ8 ಇರೋ ಮೆಟ್ಟಿಲು ಸ್ಟಡ್ ತಿರುಗಿಸಿದರು. ಇಂಥದ್ದು ಅಂಗಡೀಲಿ ಸಿಗಲ್ಲ. ಉದ್ದ ಅಳೆದವನು ನಾನು, ಗ್ಯಾಸ್ಕೆಟ್ಟು ವಾಷರ್ ಲೆಕ್ಕಕ್ಕೆ ತಗೊಂಡಿರಲಿಲ್ಲ. ಒಂದು ಸ್ಟಡ್ ಗಿಡ್ಡ ಆಗಿ ವೇಸ್ಟ್ ಆಯ್ತು. ಅಲ್ಯೂಮಿನಿಯಂ ಹೆಡ್ ಒಳಗೆ 16 ಎಂಎಂ ಮರೆ ಕೂರಬೇಕು, ವ್ಯಾಸದ ಎರಡರಷ್ಟು, ಇಲ್ಲಾಂದ್ರೆ ಅಲ್ಯೂಮಿನಿಯಮ್ಮೇ ಕಿತ್ತು ಬರುತ್ತೆ ಅಂತ ಆಮೇಲೆ ಅವರೇ ಅಳತೆ ತಗೊಂಡರು.

ನಟ್‌ಗೆ ಹಿತ್ತಾಳೆ. ಆರು ಮೂಲೆ ಸರಳು ಕತ್ತರಿಸಿ, 6.8 ಎಂಎಂ ಡ್ರಿಲ್, ಮೇಲೆ ಟ್ಯಾಪ್. ಹಿತ್ತಾಳೆ ಮೆದು ಅಂತ ಎತ್ತರ 12 ಎಂಎಂ ಇಟ್ಟರು. ಉಕ್ಕಿನ ಜೊತೆ ತುಕ್ಕು ಹಿಡಿದು ಅಂಟಲ್ಲ. ಅತಿ ಬಿಗಿ ಮಾಡಿದ್ರೂ ಹೋಗೋದು ನಟ್ಟಿನ ಮರೆ, ಸ್ಟಡ್ ಉಳಿಯುತ್ತೆ. ಈ ಲೆಕ್ಕ ಎಲ್ಲಾ ತಲೇಲೇ ಇಟ್ಕೊಂಡಿರೋ ಮನುಷ್ಯನ್ನ ಬ್ಯಾಂಕಿನವರು ಸಾಲದ ಫಾರ್ಮಿನಲ್ಲಿ ಅನ್‌ಸ್ಕಿಲ್ಡ್ ಅಂತ ಬರೆದಿದ್ದಾರಂತೆ!

ಒಟ್ಟು 600 ರೂಪಾಯಿ. ಎರಡು ದಿನ ಓಡಿಸಿ, ಎಂಜಿನ್ ತಣ್ಣಗಾದ ಮೇಲೆ ನಟ್‌ಗಳನ್ನ ಮತ್ತೊಮ್ಮೆ ಬಿಗಿ ಮಾಡಿದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಜಾಯಿಂಟ್‌ಗೆ ಸೋಪಿನ ನೀರು ಚಿಮುಕಿಸಿದೆ, ಗುಳ್ಳೆ ಬರಲಿಲ್ಲ. ನಿಮ್ಮ ಗಾಡೀನೂ ಹೀಗೇ ನೋಡ್ಕೊಳ್ಳಿ. ಕೈ ಹುಷಾರು.

ಹೋದ ವಾರ ಅದೇ ಅಕ್ಕ ಮುಳಬಾಗಿಲಿಗೆ ಜೊತೆಗೆ ಬಂದಿದ್ದರು. ಎಲ್ಲಾ ಸರಿ ಮಾಡಿಸಿದೀನಿ ಅಂತ ಸ್ಟಡ್ ಕತೆ ಪೂರ್ತಿ ಹೇಳಿದೆ. ಕೇಳಿಸಿಕೊಂಡು, "ಆಯ್ತು, ಆದ್ರೂ ಕಿಟಕಿ ಇಳಿಸು" ಅಂದ್ರು. ಇಳಿಸಿದೆ.