ಇಸ್ಪೀಟ್ ಟೇಬಲ್ ಹೋಗಿ ಕೇರಂ ಬೋರ್ಡ್ ಬಂತು

ಮೊಬೈಲ್ ರಮ್ಮಿಯಲ್ಲಿ ನಮ್ಮ ತಮ್ಮ ಎರಡು ತಿಂಗಳ ಸಂಬಳ ಕಳೆದಿದ್ದ. ಆ್ಯಪ್ ತೆಗೆಸಿ, ದುಡ್ಡಿಲ್ಲದೆ ಮನೆಯಲ್ಲೇ ಆಡೋಣ ಅಂತ, ಸೋಗಾನೆಯ ನಮ್ಮ ಜಗಲಿಯಲ್ಲಿ ಹಸಿರು ಬಟ್ಟೆ ಹೊದಿಸಿದ ಇಸ್ಪೀಟ್ ಟೇಬಲ್ ಮಾಡಲು ಹೊರಟೆವು. ಅಂದರ್-ಬಾಹರ್ ಅಡ್ಡೆ ಮೇಲಿನ ದಾಳಿ ಸುದ್ದಿ ಎಷ್ಟೋ ಬರೆದವರು ನಾವು. ಗರಗಸ ಹಿಡಿದದ್ದು ಮಾತ್ರ ಇದೇ ಮೊದಲು.

'ಇಸ್ಪೀಟ್ ಎಲೆ ಈ ಮನೆಗೆ ಬೇಡ' ಅಂದಳು ಅಮ್ಮ. ಪ್ಲೈವುಡ್ ಆಗಲೇ ತಂದಾಗಿತ್ತು. ಕೇರಂ ಬೋರ್ಡ್ ಮಾಡಿದೆವು.

ಆಡುವ ಜಾಗ ನಾಲ್ಕೂ ಕಡೆ 74 ಸೆಂ.ಮೀ. ಚೌಕಟ್ಟಿನ ಪಟ್ಟಿಗಳನ್ನು 45 ಡಿಗ್ರಿಗೇ ಕೊಯ್ದಿದ್ದೇವೆ ಅಂದುಕೊಂಡಿದ್ದೆವು. ಮೂಲೆಯಿಂದ ಮೂಲೆಗೆ ಟೇಪ್ ಹಿಡಿದರೆ ಒಂದು ಕಡೆ 104, ಇನ್ನೊಂದು ಕಡೆ 105ರ ಮೇಲೆ. ಎರಡೂ 104.6 ಬರಬೇಕು. ಮೊಳೆ ಕಿತ್ತು ಮತ್ತೆ ಕೂಡಿಸಿದೆವು.

ಮೊದಲ ಆಟಕ್ಕೇ ತಮ್ಮ, 'ಹತ್ತ್ ಹತ್ತ್ ರೂಪಾಯಿ ಕಟ್ಟೋಣ್ವಾ?' ಅಂದ. ಅಮ್ಮ ಬಂದು ರೆಡ್ ಕಾಯಿ ಎತ್ತಿ ಸೆರಗಿಗೆ ಗಂಟು ಹಾಕಿಕೊಂಡಳು.